ನಿದ್ದೆ ಕದ್ದು ಓದಬೇಡಿ

ನರ್ಸ್ ಕೆಲಸ ಬಿಡದೆ ಮೇಲಿನ ಓದಿಗೆ ಹೊರಟ ಹೆಣ್ಣುಮಕ್ಕಳಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಮನೆಯವರಿಗೆ

ಕಳೆದ ತಿಂಗಳು ಕಲ್ಲಡ್ಕದ ಕಡೆ ಸಂಬಂಧಿಕರ ಮದುವೆ ಇತ್ತು. ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ದೂರದ ಸಂಬಂಧದ ಹೆಂಗಸೊಬ್ಬರು ಬಂದು ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು. ಅವರ ಹಿಂದೆ ಮಗಳು. ಹುಡುಗಿ ಜಿಎನ್‌ಎಂ ಮುಗಿಸಿ ಎರಡು ವರ್ಷದಿಂದ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಳೆ.

"ನೀನೇ ಹೇಳು ಇವಳಿಗೆ," ಎಂದರು ಆ ಉಮ್ಮ. "ಪೋಸ್ಟ್ ಬೇಸಿಕ್ ಸೇರ್ತೇನೆ ಅಂತಾಳೆ. ಕೆಲಸವೂ ಬಿಡುದಿಲ್ವಂತೆ. ಹಗಲು ಕಾಲೇಜು, ರಾತ್ರಿ ಡ್ಯೂಟಿ. ಆಗ್ತದಾ ಅದು? ನೀನು ಮಾಡಿದ್ದೀಯಲ್ಲ?"

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಆಗ್ತದೆ" ಎಂದು ನಾನು ಹೇಳಬೇಕು ಎಂಬುದು ಅವಳ ಆಸೆ. "ಆಗುದಿಲ್ಲ" ಎಂದು ಹೇಳಬೇಕು ಎಂಬುದು ಅವಳ ಉಮ್ಮನ ಆಸೆ. ನಾನು ಎರಡನ್ನೂ ಹೇಳಲಿಲ್ಲ. "ಒಂದು ಭಾನುವಾರ ಮನೆಗೆ ಬರ್ತೇನೆ, ಕೂತು ಮಾತಾಡುವ" ಎಂದೆ.

ನಾನು ಮಾಡಿದ್ದು ಹೌದು. ಕೆಲಸ ಮಾಡುತ್ತಲೇ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿದೆ, ಆಮೇಲೆ ಎಂ.ಎಸ್ಸಿ. ಕೂಡ ಆಯಿತು. ಮದುವೆ ಮನೆಗಳಲ್ಲಿ ಜನ ನನ್ನನ್ನು ತೋರಿಸಿ ಮಕ್ಕಳಿಗೆ "ನೋಡು" ಎನ್ನುತ್ತಾರೆ. ಆದರೆ ಮೊದಲ ಸಲ ನಾನು ಅದನ್ನು ಮಾಡಿದ ರೀತಿ ಯಾರಿಗೂ ಮಾದರಿ ಆಗಬಾರದು. ಅದನ್ನು ಈವರೆಗೆ ಎಲ್ಲೂ ಬರೆದಿಲ್ಲ. ಈಗ ಬರೆಯಲೇಬೇಕು ಅನ್ನಿಸಿತು. ಯಾಕೆಂದರೆ ಆ ಹುಡುಗಿಯಂಥವರು ಈಗ ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ನಮ್ಮ ಮನೆಗಳಲ್ಲಿ ಹೆಣ್ಣುಮಗಳು ನರ್ಸಿಂಗ್‌ಗೆ ಹೋಗುತ್ತೇನೆ ಎಂದರೆ ಹಿರಿಯರು ಹಿಂದೆ ಮುಂದೆ ನೋಡುತ್ತಿದ್ದ ಕಾಲವೊಂದಿತ್ತು. ರಾತ್ರಿ ಕೆಲಸ, ಗಂಡಸರ ವಾರ್ಡ್, ಯೂನಿಫಾರ್ಮ್ ಎಂದು ನೂರೆಂಟು ಮಾತು. ಪ್ರವಾದಿಯವರ ಕಾಲದಲ್ಲಿ ಗಾಯಾಳುಗಳಿಗೆ ಡೇರೆಯಲ್ಲಿ ಶುಶ್ರೂಷೆ ಮಾಡಿದ ರುಫೈದಾ ಅವರ ಹೆಸರನ್ನು ನನ್ನ ಉಪ್ಪನೇ ಹೇಳಿ ಮನೆಯವರ ಬಾಯಿ ಮುಚ್ಚಿಸಬೇಕಾಯಿತು. ಈಗ ದೇರಳಕಟ್ಟೆ ಕಡೆಯ ಯಾವುದೇ ಬಸ್ ಹತ್ತಿದರೂ ಕೋಟು ಮಡಚಿ ಕೈಯಲ್ಲಿ ಹಿಡಿದ ನಮ್ಮ ಹುಡುಗಿಯರು ಕಾಣುತ್ತಾರೆ. ಬಂಟ್ವಾಳ, ಉಪ್ಪಿನಂಗಡಿ ಕಡೆಯಿಂದ ಬರುವ ನಮ್ಮ ಅಜ್ಜಿಯಂದಿರಿಗೆ ಬ್ಯಾರಿ ಭಾಷೆಯಲ್ಲೇ ಮಾತ್ರೆ ಯಾವಾಗ ತಿನ್ನಬೇಕು ಎಂದು ಹೇಳುವ ನರ್ಸ್ ಸಿಕ್ಕರೆ ಅರ್ಧ ಕಾಯಿಲೆ ಅಲ್ಲೇ ಗುಣ. ಸೇರುವ ತಡೆ ದಾಟಿ ಆಯಿತು. ಈಗ ಎದುರಿಗೆ ಇರುವುದು ಮೇಲೆ ಹೋಗುವ ಪ್ರಶ್ನೆ.

ಆ ಬೆಳಿಗ್ಗೆ

ನಾನು ಜಿಎನ್‌ಎಂ ಮುಗಿಸಿದ್ದು 2009ರಲ್ಲಿ. ಮದುವೆ ಆಯಿತು, ಮಗ ಹುಟ್ಟಿದ. ಯಜಮಾನರು ಸೌದಿಯಲ್ಲಿದ್ದರು. 2013ರಲ್ಲಿ ನಿತಾಖಾತ್ ಬಿಗಿಯಾದಾಗ ನಮ್ಮ ಕರಾವಳಿಯ ಎಷ್ಟೋ ಮನೆಗಳ ಗಂಡಸರಂತೆ ಅವರೂ ಎರಡು ಬ್ಯಾಗ್ ಹಿಡಿದು ವಾಪಸ್ ಬಂದರು. ತೊಕ್ಕೊಟ್ಟಿನ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು. ನನ್ನ ಸಂಬಳ 9,500 ರೂಪಾಯಿ. ಆಗ ನನಗೆ ಅನ್ನಿಸಿದ್ದು, ಡಿಪ್ಲೊಮಾ ಒಂದನ್ನೇ ಹಿಡಿದುಕೊಂಡರೆ ಜೀವಮಾನ ಇಷ್ಟೇ, ಡಿಗ್ರಿ ಬೇಕು ಎಂದು. 2014ರಲ್ಲಿ ಪೋಸ್ಟ್ ಬೇಸಿಕ್‌ಗೆ ಸೇರಿದೆ. ಎರಡು ವರ್ಷದ ಕೋರ್ಸ್. ಕೆಲಸ ಬಿಟ್ಟರೆ ಫೀಸಿಗೆ ಎಲ್ಲಿಂದ ತರುವುದು? ಹಾಗಾಗಿ ಒಂದು ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಹಿಡಿದೆ. ವಾರಕ್ಕೆ ನಾಲ್ಕು ರಾತ್ರಿ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು.

ಕಾಲೇಜಿನವರಿಗೆ ನಾನು ಕೆಲಸ ಮಾಡುವುದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದರು. ಆಸ್ಪತ್ರೆಯವರಿಗೆ ನಾನು ಓದುವುದು ಗೊತ್ತಿತ್ತು, ಅವರೂ ಹಾಗೆಯೇ. ನನ್ನ ಹಾಗೆ ಕ್ಲಾಸಿನಲ್ಲಿ ಇನ್ನೂ ಏಳೆಂಟು ಮಂದಿ. ಕೊನೆಯ ಬೆಂಚಿನಲ್ಲಿ ಕೂತು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದೆವು.

2015ರ ಜನವರಿ. ಬೆಳಿಗ್ಗೆ ಆರು ಗಂಟೆ. ವಾರ್ಡಿನಲ್ಲಿ ಬಂಟ್ವಾಳ ಕಡೆಯ ಒಬ್ಬರು ಹಿರಿಯರು, ನಮ್ಮವರೇ. ಕಾಲಿನ ಗಾಯಕ್ಕೆ ಸೇರಿದ್ದರು, ಸಕ್ಕರೆ ಕಾಯಿಲೆ ಹಳತು. ರಾತ್ರಿ ಎರಡು ಗಂಟೆಗೆ ನಾನು ಡ್ರಿಪ್ ನೋಡಲು ಹೋದಾಗ, "ನೀನು ಯಾವಾಗ ಮಲಗುವುದು ಮಗಳೇ?" ಎಂದು ಬ್ಯಾರಿಯಲ್ಲೇ ಕೇಳಿದ್ದರು. ನಾನು ನಕ್ಕು ಬಂದಿದ್ದೆ.

ಬೆಳಗಿನ ತಿಂಡಿಗೆ ಮುಂಚೆ ಅವರಿಗೆ 12 ಯೂನಿಟ್ ಇನ್ಸುಲಿನ್ ಕೊಡಬೇಕು. ಹಿಂದಿನ ದಿನ ಡಾಕ್ಟರ್ ಇನ್ಸುಲಿನ್ ಬದಲಿಸಿದ್ದರು, ಮನೆಯವರು ಮೆಡಿಕಲ್‌ನಿಂದ ಹೊಸ ಬಾಟ್ಲಿ ತಂದಿಟ್ಟಿದ್ದರು. ನಾನು ಎಂದಿನಂತೆ ಕೆಂಪು ಮುಚ್ಚಳದ ಸಿರಿಂಜ್ ತೆಗೆದು 12ರ ಗೆರೆವರೆಗೆ ಎಳೆದೆ. ಟ್ರೇ ಹಿಡಿದು ನಿಂತಿದ್ದ ಟ್ರೈನಿ ಹುಡುಗಿ ಬಾಟ್ಲಿ ತಿರುಗಿಸಿ ನೋಡಿ ಹೆದರಿ ಹೆದರಿ ಕೇಳಿದಳು: "ಸಿಸ್ಟರ್, ಇದರಲ್ಲಿ ನೂರು ಅಂತ ಉಂಟಲ್ಲ?"

ಇನ್ಸುಲಿನ್ ತೆಗೆದುಕೊಳ್ಳುವವರು ಇರುವ ಮನೆಗಳಿಗೆ ಇದು ಅರ್ಥ ಆಗುತ್ತದೆ. ಆಗದವರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಇನ್ಸುಲಿನ್ ಬಾಟ್ಲಿ ಎರಡು ರೀತಿ ಬರುತ್ತದೆ. ಒಂದರಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್, ಇನ್ನೊಂದರಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ನಲವತ್ತಕ್ಕೆ ಕೆಂಪು ಮುಚ್ಚಳದ ಸಿರಿಂಜ್, ನೂರಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ನೂರರ ಬಾಟ್ಲಿಯಿಂದ ನಲವತ್ತರ ಸಿರಿಂಜಿನಲ್ಲಿ 12ರ ಗೆರೆವರೆಗೆ ಎಳೆದರೆ ಒಳಗೆ ಬರುವುದು 12 ಅಲ್ಲ, 30 ಯೂನಿಟ್. ಎರಡೂವರೆ ಪಟ್ಟು. ಖಾಲಿ ಹೊಟ್ಟೆಯ ವಯಸ್ಸಾದ ಮನುಷ್ಯನಿಗೆ ಅಷ್ಟು ಹೋದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಪ್ರಜ್ಞೆ ಹೋಗಬಹುದು, ಜೀವವೂ ಹೋಗಬಹುದು.

ಇದು ನನಗೆ ಗೊತ್ತಿಲ್ಲದ್ದಲ್ಲ. ಜಿಎನ್‌ಎಂ ಮೊದಲ ವರ್ಷದಲ್ಲೇ ಕಲಿತದ್ದು, ನಾನೇ ಎಷ್ಟೋ ಮಂದಿಗೆ ಹೇಳಿಕೊಟ್ಟದ್ದು. ಆ ಬೆಳಿಗ್ಗೆ ಬಾಟ್ಲಿ ಕೈಯಲ್ಲಿತ್ತು, ಅಕ್ಷರ ಕಣ್ಣ ಮುಂದಿತ್ತು, ತಲೆಯೊಳಗೆ ಮಾತ್ರ ಹೋಗಲಿಲ್ಲ. ನಾನು ಎದ್ದು ಸರಿಯಾಗಿ 24 ಗಂಟೆ ಆಗಿತ್ತು. ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಎದ್ದವಳು ಕ್ಲಾಸ್, ಬಸ್, ಅಡುಗೆ, ಮಗ ಮುಗಿಸಿ ನೇರ ಡ್ಯೂಟಿಗೆ ಬಂದಿದ್ದೆ.

ಆ ಇಂಜೆಕ್ಷನ್ ಕೊಡಲಿಲ್ಲ. ಸಿರಿಂಜ್ ಬಿಸಾಡಿ, ಬೇರೆ ತೆಗೆದು, ಇಬ್ಬರೂ ಎರಡು ಸಲ ನೋಡಿ ಸರಿಯಾದ ಡೋಸ್ ಕೊಟ್ಟೆವು. ಹಿರಿಯರು "ಅಲ್ಹಮ್ದುಲಿಲ್ಲಾಹ್, ನೋವೇ ಆಗಲಿಲ್ಲ" ಎಂದರು. ನನಗೆ ಕಾಲಲ್ಲಿ ಜೀವ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಬೇಕು. ಆಗಬಹುದಾಗಿದ್ದು ಆಗದೆ ತಪ್ಪಿದರೂ ಅದನ್ನು ಬರೆದು ಕೊಡಬೇಕು, ಮುಂದೆ ಇನ್ನೊಬ್ಬರು ಎಡವಬಾರದು ಎಂದು ನಮಗೆ ಕಲಿಸುತ್ತಾರೆ. ನಾನು ಬರೆಯಲಿಲ್ಲ. ಬರೆದರೆ "ಯಾಕೆ ಹೀಗಾಯಿತು" ಎಂದು ಕೇಳುತ್ತಾರೆ, ಓದು ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ. ಆ ಟ್ರೈನಿ ಹುಡುಗಿಗೂ "ಯಾರಿಗೂ ಹೇಳಬೇಡ" ಎಂದೆ. ಅವಳು ಒಬ್ಬರ ಜೀವ ಉಳಿಸಿದ್ದಳು. ಮೆಚ್ಚುಗೆಯ ಬದಲು ಅವಳಿಗೆ ಸಿಕ್ಕಿದ್ದು ಬಾಯಿ ಮುಚ್ಚಿಕೊಂಡಿರುವ ಪಾಠ. ಇವತ್ತಿಗೂ ನನಗೆ ಅತಿ ಹೆಚ್ಚು ನಾಚಿಕೆ ಆಗುವುದು ಆ ಮಾತಿಗೆ.

ಶರೀರಕ್ಕೆ ಹಠ ಗೊತ್ತಿಲ್ಲ

ನಿದ್ದೆಗೆಟ್ಟು ದುಡಿಯುವುದನ್ನು ನಾವು ಹೊಗಳುತ್ತೇವೆ. "ಪಾಪ, ನಿದ್ದೆಯೇ ಇಲ್ಲದೆ ಓದಿದಳು" ಎಂದು ಹೆಮ್ಮೆಯಿಂದ ಹೇಳುತ್ತೇವೆ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಇದನ್ನು ಅಳೆದು ನೋಡಿದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಆದಾಗ ಅದು ಸುಮಾರು ಶೇ. 0.10ರ ಮಟ್ಟ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿಯೇ ಶೇ. 0.03. ಜೀವನದಲ್ಲಿ ಒಂದು ಹನಿ ಮುಟ್ಟದ ನಾನು ಆ ಬೆಳಿಗ್ಗೆ ಸಿರಿಂಜ್ ಹಿಡಿದು ನಿಂತದ್ದು, ಕುಡಿದು ಗಾಡಿ ಓಡಿಸುವವನಿಗಿಂತ ಒಳ್ಳೆಯ ಸ್ಥಿತಿಯಲ್ಲಿ ಅಲ್ಲ. ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ ಮೂರರಿಂದ ಆರರ ಹೊತ್ತು ಶರೀರ ತೀರಾ ಕುಗ್ಗಿರುತ್ತದೆ. ಕಾಫಿ ಕಣ್ಣು ತೆರೆಸೀತು, ಕಳೆದ ನಿದ್ದೆಯನ್ನು ವಾಪಸ್ ಕೊಡುವುದಿಲ್ಲ.

ಈಗ ವಾರದ ಲೆಕ್ಕ ನೋಡುವ. ವಾರಕ್ಕೆ 168 ಗಂಟೆ. ಪೂರ್ಣಾವಧಿ ಕೆಲಸ ಎಂದರೆ 48 ಗಂಟೆ. ಕಾಲೇಜು ದಿನಕ್ಕೆ ಏಳು ಗಂಟೆಯಂತೆ ಆರು ದಿನ, 42 ಗಂಟೆ. ಬಸ್ಸಿಗೆ 12. ದಿನಕ್ಕೆ ಏಳು ಗಂಟೆ ನಿದ್ದೆ ಎಂದರೆ 49. ಒಟ್ಟು 151. ಉಳಿದದ್ದು 17 ಗಂಟೆ, ದಿನಕ್ಕೆ ಎರಡೂವರೆ ಗಂಟೆಯೂ ಇಲ್ಲ. ಸ್ನಾನ, ಊಟ, ನಮಾಝ್, ಮಗು, ಅಡುಗೆ, ಅಸೈನ್‌ಮೆಂಟ್, ಪರೀಕ್ಷೆಯ ಓದು ಎಲ್ಲ ಅದರೊಳಗೇ ಆಗಬೇಕು.

ಕಾಗದದ ಮೇಲೆ ಇದಾದರೂ ಕೂಡುತ್ತದೆ. ನಿಜವಾದ ದಿನದಲ್ಲಿ ಕೂಡುವುದಿಲ್ಲ. ರಾತ್ರಿ ಡ್ಯೂಟಿ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ, ಒಂಬತ್ತಕ್ಕೆ ಕ್ಲಾಸ್. ನಾಲ್ಕಕ್ಕೆ ಕ್ಲಾಸ್ ಬಿಟ್ಟು ಐದಕ್ಕೆ ಮನೆ. ಏಳಕ್ಕೆ ಮತ್ತೆ ಬಸ್. ಮಲಗಲು ಸಿಗುವುದು ಐದರಿಂದ ಏಳು, ಎರಡೇ ಗಂಟೆ, ಅದರಲ್ಲೂ ಮಗ್ರಿಬ್, ಮಗುವಿನ ಗಲಾಟೆ, ಮನೆಗೆ ಬಂದ ನೆಂಟರು. ಲೆಕ್ಕದಲ್ಲಿ ನಿದ್ದೆಗೆ 49 ಗಂಟೆ ಉಂಟು, ಅದನ್ನು ಇಡಲಿಕ್ಕೆ ಜಾಗ ಇಲ್ಲ.

ಹೀಗಿದ್ದೂ ಹುಡುಗಿಯರು ಯಾಕೆ ಈ ದಾರಿ ಹಿಡಿಯುತ್ತಾರೆ? ಸಂಬಳ ಕಡಿಮೆ, ಉಳಿತಾಯ ಇಲ್ಲ, ಅದಕ್ಕೆ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಕೋರ್ಟು 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದಲ್ಲಿ ರಾಜ್ಯ ಸರಕಾರದ ನರ್ಸ್‌ಗಳಷ್ಟೇ ಕೊಡಬೇಕು ಎಂದು ಸಮಿತಿ ಶಿಫಾರಸು ಮಾಡಿತು. ನಿಮ್ಮ ಮಗಳ ಸಂಬಳದ ಚೀಟಿ ತೆಗೆದು ನೋಡಿ, ಎಷ್ಟು ಜಾರಿ ಆಗಿದೆ ಎಂದು ತಿಳಿಯುತ್ತದೆ.

ಮನೆಯಲ್ಲಿ ಆದ ಮಾತು

ಆ ದಿನ ಸಂಜೆ ನಾನು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲೇಜು ಬಿಟ್ಟುಬಿಡು" ಎಂದರು. ಅವರು ಹೇಳಿದ್ದು ಕಾಳಜಿಯಿಂದಲೇ. ಆದರೂ ನನಗೆ ಅಳು ಬಂತು.

ಅಡುಗೆ ಮನೆಯಲ್ಲಿದ್ದ ಅತ್ತೆ ಹೊರಗೆ ಬಂದರು. ನಾಲ್ಕನೇ ಕ್ಲಾಸ್ ಓದಿದವರು ಅವರು, ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕಿದವರು. "ಬಿಡುದು ಅಂತ ಯಾಕೆ ಮೊದಲೇ ಹೇಳುದು? ಖರ್ಚು ಎಷ್ಟು ಉಂಟು, ಅದು ಹೇಳಿ. ಲೆಕ್ಕ ಹಾಕುವ" ಎಂದರು. ಅಷ್ಟರವರೆಗೆ ನಮ್ಮ ಮನೆಯಲ್ಲಿ ನನ್ನ ಓದಿನ ಖರ್ಚನ್ನು ಯಾರೂ ಕೂತು ಲೆಕ್ಕ ಹಾಕಿರಲಿಲ್ಲ. ಅದು ನನ್ನ ಆಸೆ, ನಾನೇ ಹೇಗಾದರೂ ನಿಭಾಯಿಸಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಕೂಡ.

ಬಡ್ಡಿ ಸಾಲ ಬೇಡ ಎಂದು ತೀರ್ಮಾನ ಆಯಿತು. ನನ್ನ ಎರಡು ಬಳೆ ಮಾರಿದೆವು. ನಾಲ್ಕು ರಾತ್ರಿಯ ಡ್ಯೂಟಿಯನ್ನು ಒಂದಕ್ಕೆ ಇಳಿಸಿದೆ. ಶನಿವಾರ ರಾತ್ರಿ ಮಾತ್ರ, ಭಾನುವಾರ ಇಡೀ ಹಗಲು ನಿದ್ದೆ. ಮಗನನ್ನು ಬೆಳಿಗ್ಗೆ ಏಳಿಸಿ ಅಂಗನವಾಡಿಗೆ ಬಿಡುವುದು ಯಜಮಾನರ ಪಾಲು. ರಾತ್ರಿಯ ಅಡುಗೆ ಅತ್ತೆಯದು. ಪರೀಕ್ಷೆಯ ತಿಂಗಳು ನೆಂಟರ ಮನೆ ಕಾರ್ಯಕ್ರಮಗಳಿಗೆ ನನ್ನನ್ನು ಕರೆದುಕೊಂಡು ಹೋಗಲಿಲ್ಲ, "ಅವಳಿಗೆ ಪರೀಕ್ಷೆ" ಎಂದು ಅತ್ತೆಯೇ ಎಲ್ಲರಿಗೂ ಹೇಳಿದರು. ಸೊಸೆ ಬಾರದೇ ಇದ್ದದ್ದಕ್ಕೆ ನಾಲ್ಕು ಮಾತು ಕೇಳಿಸಿಕೊಂಡದ್ದೂ ಅವರೇ. ಒಂದು ವರ್ಷಕ್ಕೂ ಹೆಚ್ಚು ಕಾಲ ನಮ್ಮದು ಗಂಜಿ, ಮೀನು, ಬಿಗಿ ಖರ್ಚು. 2016ರಲ್ಲಿ ಕೋರ್ಸ್ ಮುಗಿಯಿತು. ಎರಡನೇ ವರ್ಷದ ಅಂಕ ಮೊದಲ ವರ್ಷಕ್ಕಿಂತ ಎಷ್ಟೋ ಹೆಚ್ಚು. ಬುದ್ಧಿ ಹೆಚ್ಚಿದ್ದಲ್ಲ, ನಿದ್ದೆ ಸಿಕ್ಕಿದ್ದು.

ದಾರಿಗಳು ಯಾವುವು

ಕೆಲಸ ಮತ್ತು ಓದು ಎರಡೂ ಬೇಕು ಎನ್ನುವವರು ಮೊದಲು ತಿಳಿಯಬೇಕಾದದ್ದು ಕೋರ್ಸಿನ ಸ್ವಭಾವ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಶೇ. 80 ಹಾಜರಿ ಬೇಕು. ಡಿಗ್ರಿ ಕೈಗೆ ಸಿಗುವ ಮೊದಲು ಪ್ರಾಕ್ಟಿಕಲ್ ಶೇ. 100 ಮುಗಿದಿರಬೇಕು. ಅಂದರೆ ರೆಗ್ಯುಲರ್ ಪೋಸ್ಟ್ ಬೇಸಿಕ್, ಎಂ.ಎಸ್ಸಿ. ಎರಡೂ ಪೂರ್ಣಾವಧಿ ಕೋರ್ಸ್‌ಗಳೇ. "ಬರದಿದ್ದರೂ ನಡೆಯುತ್ತದೆ, ಹಾಜರಿ ನಾವು ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಗಲ್ಫ್‌ಗೆ ಹೋಗುವಾಗ ನಮ್ಮ ಸರ್ಟಿಫಿಕೇಟ್, ನೋಂದಣಿ, ಅನುಭವ ಎಲ್ಲವನ್ನೂ ಕೊಟ್ಟ ಸಂಸ್ಥೆಯಲ್ಲೇ ಕೇಳಿ ಪರಿಶೀಲಿಸುತ್ತಾರೆ. ಪೂರ್ಣಾವಧಿ ಓದಿದ ತಾರೀಕಿನಲ್ಲೇ ಪೂರ್ಣಾವಧಿ ಕೆಲಸದ ಅನುಭವ ಪತ್ರವೂ ಇದ್ದರೆ ಪ್ರಶ್ನೆ ಏಳುತ್ತದೆ. ನನ್ನ ಸಹಪಾಠಿಯೊಬ್ಬಳು ಅದರಿಂದ ತಿಂಗಳುಗಟ್ಟಲೆ ಒದ್ದಾಡಿದಳು.

ಸರಿಯಾದ ದಾರಿಗಳು ಇಲ್ಲದೆ ಇಲ್ಲ.

ಸರಕಾರಿ ಸೇವೆಯಲ್ಲಿ ಇರುವವರಿಗೆ ಇಲಾಖೆಯ ನಿಯೋಜನೆ ಮೇಲೆ ಮೇಲಿನ ಓದಿಗೆ ಹೋಗುವ ಅವಕಾಶ ಉಂಟು. ಸೇವಾವಧಿ, ವಯಸ್ಸಿನ ಷರತ್ತುಗಳು ಇರುತ್ತವೆ. ಜಿಲ್ಲಾ ಕಚೇರಿಯಲ್ಲಿ ಸುತ್ತೋಲೆ ಬಂದಾಗ ಕೇಳಿ ತಿಳಿದುಕೊಳ್ಳಬೇಕು.

ಕೆಲಸದಲ್ಲಿದ್ದುಕೊಂಡೇ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಲು ಇಗ್ನೊ ವಿಶ್ವವಿದ್ಯಾಲಯದ ಕೋರ್ಸ್ ಇದೆ. ಅದನ್ನು ಮಾಡಿರುವುದೇ ಸೇವೆಯಲ್ಲಿರುವ ನರ್ಸ್‌ಗಳಿಗಾಗಿ. ಜಿಎನ್‌ಎಂ ಆಗಿ, ನೋಂದಣಿಯ ನಂತರ ಎರಡು ವರ್ಷ ಅನುಭವ ಇರಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು. ಕನಿಷ್ಠ ಮೂರು ವರ್ಷ ಹಿಡಿಯುತ್ತದೆ. ರೆಗ್ಯುಲರ್‌ಗಿಂತ ಒಂದು ವರ್ಷ ಜಾಸ್ತಿ, ಆದರೆ ಆ ಒಂದು ವರ್ಷ ನಿಮ್ಮ ನಿದ್ದೆಯ ಬೆಲೆ. ಹತ್ತಿರದ ಕೇಂದ್ರ ಯಾವುದು, ಪ್ರಾಕ್ಟಿಕಲ್ ಎಲ್ಲಿ ಎಂದು ಅರ್ಜಿ ಹಾಕುವ ಮೊದಲೇ ಕೇಳಿ.

ಕೆಲಸವೇ ಓದಾಗುವ ಕೋರ್ಸ್‌ಗಳೂ ಇವೆ. ಐಸಿಯು, ಕ್ಯಾನ್ಸರ್, ನವಜಾತ ಶಿಶು ಹೀಗೆ ಒಂದೊಂದು ವಿಭಾಗದಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ಬಿ.ಎಸ್ಸಿ. ಆಗಿ ಒಂದು ವರ್ಷ ಅನುಭವ ಇರುವವರಿಗೆ ಎರಡು ವರ್ಷದ ನರ್ಸ್ ಪ್ರಾಕ್ಟಿಶನರ್ ಇನ್ ಕ್ರಿಟಿಕಲ್ ಕೇರ್ ಎಂಬ ಸ್ನಾತಕೋತ್ತರ ಕೋರ್ಸ್. ಇದು ರೆಸಿಡೆನ್ಸಿ. ಬಹುಪಾಲು ಕಲಿಕೆ ರೋಗಿಯ ಪಕ್ಕದಲ್ಲೇ ನಡೆಯುತ್ತದೆ. ಅದೇ ಆಸ್ಪತ್ರೆಯ ಸೇವೆಯಲ್ಲಿರುವವರು ಸೇರಿದರೆ ಸಂಬಳ ಮುಂದುವರಿಯಬೇಕು ಎಂದು ಕೌನ್ಸಿಲ್ ನಿಯಮವೇ ಹೇಳುತ್ತದೆ. ಇಲ್ಲಿ ಕ್ಲಾಸ್ ಒಂದು ಕಡೆ, ಡ್ಯೂಟಿ ಇನ್ನೊಂದು ಕಡೆ ಎಂಬ ಓಡಾಟ ಇಲ್ಲ.

ಪಾಠ ಹೇಳುವ ಕೆಲಸಕ್ಕೆ ಹೋಗಬೇಕು ಎನ್ನುವವರಿಗೆ ಎಂ.ಎಸ್ಸಿ. ಬೇಕು. ಎರಡು ವರ್ಷ, ಐದು ವಿಭಾಗ. ಬಿ.ಎಸ್ಸಿ.ಯಲ್ಲಿ ಶೇ. 55 ಅಂಕ, ಒಂದು ವರ್ಷದ ಅನುಭವ ಕೇಳುತ್ತಾರೆ. ಇದನ್ನು ಮಾತ್ರ ಕೆಲಸದ ಜೊತೆ ಮಾಡಲು ಹೋಗಬೇಡಿ. ನಾನು 2019ರಲ್ಲಿ ಸೇರುವಾಗ ಮೂರು ವರ್ಷ ದುಡ್ಡು ಕೂಡಿಟ್ಟು, ಆಸ್ಪತ್ರೆಯಿಂದ ಎರಡು ವರ್ಷ ಸಂಬಳವಿಲ್ಲದ ರಜೆಯನ್ನು ಬರವಣಿಗೆಯಲ್ಲಿ ಪಡೆದೆ. ವಾಪಸ್ ಬಂದು ಎರಡು ವರ್ಷ ಅಲ್ಲೇ ಕೆಲಸ ಮಾಡುತ್ತೇನೆ ಎಂದು ನಾನೂ ಬರೆದು ಕೊಟ್ಟೆ. ಆದರೆ ಮೂಲ ಸರ್ಟಿಫಿಕೇಟ್ ಕೊಡಲಿಲ್ಲ. ಯಾರು ಕೇಳಿದರೂ ಜೆರಾಕ್ಸ್ ಕೊಡಿ, ಮೂಲ ಪ್ರತಿ ಮನೆಯ ಕಪಾಟಿನಲ್ಲಿರಲಿ. 2020ರಲ್ಲಿ ಕೊರೋನಾ ಬಂತು. ಕ್ಲಾಸ್ ಮೊಬೈಲಿನಲ್ಲಿ, ಪ್ರಾಕ್ಟಿಕಲ್ ಕೋವಿಡ್ ವಾರ್ಡಿನಲ್ಲಿ. ಪಿಪಿಇ ಒಳಗೆ ಆರು ಗಂಟೆ ಬೆವರಿ ಬಂದರೂ ಹಾಸಿಗೆಗೆ ಹೋಗಿ ಮಲಗಲು ಸಮಯ ಇತ್ತು. ನಿದ್ದೆ ಇದ್ದದ್ದರಿಂದ ಆ ಎರಡು ವರ್ಷ ದಾಟಿದೆ.

ರಮಝಾನ್ ಮತ್ತು ಪಾಳಿ

ನಮ್ಮ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉಪವಾಸ, ಡ್ಯೂಟಿ, ಓದು ಮೂರೂ ಹೇಗೆ? ನನ್ನ ಅನುಭವ ಹೇಳುತ್ತೇನೆ. ಆ ತಿಂಗಳ ಪಾಳಿಯನ್ನು ಒಂದು ತಿಂಗಳು ಮೊದಲೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೂತು ಮಾತಾಡಬೇಕು. ಕೊನೆ ಗಳಿಗೆಯಲ್ಲಿ ಕೇಳಿದರೆ ಅವರಿಗೂ ಕಷ್ಟ. ಕ್ರಿಸ್ಮಸ್‌ಗೆ, ದೀಪಾವಳಿಗೆ, ಓಣಂಗೆ ನಾನು ಡ್ಯೂಟಿ ಹಿಡಿಯುತ್ತಿದ್ದೆ. ಪೆರ್ನಾಳಿಗೆ ನನ್ನ ಪಾಳಿಯನ್ನು ಕೇರಳದ ಕ್ರಿಶ್ಚಿಯನ್ ಸಿಸ್ಟರ್ ಒಬ್ಬರು ಹಿಡಿಯುತ್ತಿದ್ದರು. ಹತ್ತು ವರ್ಷದಲ್ಲಿ ಒಂದೇ ಒಂದು ಸಲ ಈ ಲೆಕ್ಕ ತಪ್ಪಲಿಲ್ಲ. ಮನೆಯವರು ಮಾಡಬೇಕಾದದ್ದು ಇಷ್ಟೇ. ರಾತ್ರಿ ಡ್ಯೂಟಿ ಮುಗಿಸಿ ಬಂದವಳನ್ನು ಹಗಲು ಮಲಗಲು ಬಿಡಿ. ಮಧ್ಯಾಹ್ನ ಎರಡು ಗಂಟೆಗೆ ಎಬ್ಬಿಸಿ ಸಮೋಸ ಮಡಚಲು ಕೂರಿಸಬೇಡಿ. ಒಂದು ದಿನ ಇಫ್ತಾರಿಗೆ ಖರ್ಜೂರ, ಗಂಜಿ ಮಾತ್ರ ಇದ್ದರೆ ಯಾರ ಉಪವಾಸವೂ ಕೆಡುವುದಿಲ್ಲ.

ಭಾನುವಾರದ ಮಾತುಕತೆ

ಹೇಳಿದಂತೆ ಆ ಹುಡುಗಿಯ ಮನೆಗೆ ಹೋದೆ. ಉಮ್ಮ ಪತ್ತಿರ್ ಮಾಡಿಟ್ಟಿದ್ದರು. ಅವಳ ಅಣ್ಣ ಮನೆಯಲ್ಲಿದ್ದ. ಉಪ್ಪ ದಮ್ಮಾಮ್‌ನಿಂದ ಫೋನಿನಲ್ಲಿ. ಇನ್ಸುಲಿನ್ ಕತೆ ಹೇಳಿದೆ. ಹುಡುಗಿ ತಲೆ ತಗ್ಗಿಸಿಕೊಂಡು ಕೇಳಿದಳು. ಆಮೇಲೆ ಮೆಲ್ಲಗೆ, "ನನಗೂ ಒಮ್ಮೆ ಹಾಗೆ ಆಗಿತ್ತು" ಎಂದಳು. ಅವಳಿನ್ನೂ ಕಾಲೇಜು ಸೇರಿಲ್ಲ, ಬರೇ ಎರಡು ಪಾಳಿ ಒಟ್ಟಿಗೆ ಮಾಡಿದ ದಿನ. ಉಮ್ಮ ಗಾಬರಿಯಿಂದ ಅವಳ ಮುಖ ನೋಡಿದರು. ಇಷ್ಟು ದಿನ ಮಗಳು ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಒಂದು ಹಾಳೆ ತೆಗೆದು ಲೆಕ್ಕ ಬರೆದೆವು. ಫೀಸು, ಬಸ್ಸು, ಪುಸ್ತಕ, ಯೂನಿಫಾರ್ಮ್, ಎರಡು ವರ್ಷ ಬಾರದ ಸಂಬಳ. ಇನ್ನೊಂದು ಹಾಳೆಯಲ್ಲಿ ಇಗ್ನೊ ಆದರೆ ಹೇಗೆ, ಮೂರು ವರ್ಷ, ಸಂಬಳ ನಿಲ್ಲುವುದಿಲ್ಲ. ಮೊದಲ ಹಾಳೆಯ ಮೊತ್ತ ನೋಡಿ ಅಣ್ಣ ಹೇಳಿದ, "ಅಷ್ಟು ದುಡ್ಡು ಎಲ್ಲಿಂದ?"

ಆಗ ಉಮ್ಮ ಕೇಳಿದ ಪ್ರಶ್ನೆ ನಮ್ಮ ಎಷ್ಟೋ ಮನೆಗಳ ಪ್ರಶ್ನೆ. "ಅವಳ ಮದುವೆಗೆ ಅಂತ ಸ್ವಲ್ಪ ಚಿನ್ನ ಮಾಡಿಸಿಟ್ಟದ್ದು ಉಂಟು. ಅದರಲ್ಲಿ ಅರ್ಧ ತೆಗೆದರೆ ನಾಳೆ ಕೇಳಲಿಕ್ಕೆ ಬಂದವರು ಎಂತ ಹೇಳ್ತಾರೆ?"

ನಾನು ಹೇಳಿದೆ, "ಕೇಳಲಿಕ್ಕೆ ಬಂದವರಿಗೆ ಮಗಳು ಬಿ.ಎಸ್ಸಿ. ನರ್ಸ್ ಅಂತ ಹೇಳಿ. ಅದು ಸಾಲದು ಅಂತ ಹೇಳುವವರ ಮನೆಗೆ ಅವಳನ್ನು ಕೊಡುದೂ ಬೇಡ."

ಫೋನಿನಿಂದ ಉಪ್ಪನ ನಗು ಕೇಳಿಸಿತು. ಉಮ್ಮ ನಗಲಿಲ್ಲ. ಅವರಿಗೆ ಅದು ಅಷ್ಟು ಸುಲಭದ ಮಾತಲ್ಲ, ನನಗೆ ಗೊತ್ತು. ಚಿನ್ನ ಒಂದೊಂದು ಗ್ರಾಮ್ ಕೂಡಿಸಿಟ್ಟವರು ಅವರು.

ಇನ್ನೂ ಯಾವುದೂ ತೀರ್ಮಾನ ಆಗಿಲ್ಲ. ಎರಡು ಹಾಳೆಯನ್ನೂ ಫೋಟೋ ತೆಗೆದು ಉಪ್ಪನಿಗೆ ಕಳಿಸಿದ್ದಾರೆ. ಶುಕ್ರವಾರ ಅವರಿಗೆ ರಜೆ, ಆ ದಿನ ಮತ್ತೆ ಮಾತು. ಒಂದು ವಿಷಯ ಮಾತ್ರ ಅವತ್ತೇ ನಿಶ್ಚಯ ಆಯಿತು. ಯಾವ ದಾರಿ ಹಿಡಿದರೂ ರಾತ್ರಿ ಡ್ಯೂಟಿ ಮುಗಿಸಿ ನೇರ ಕ್ಲಾಸಿಗೆ ಹೋಗುವುದಿಲ್ಲ ಎಂದು ಹುಡುಗಿ ಉಮ್ಮನಿಗೆ ಮಾತು ಕೊಟ್ಟಳು. ಹಗಲು ಅವಳು ಮಲಗಿದ್ದಾಗ ಯಾರೂ ಬಾಗಿಲು ತಟ್ಟುವುದಿಲ್ಲ ಎಂದು ಉಮ್ಮ ಅವಳಿಗೆ ಮಾತು ಕೊಟ್ಟರು.

ನಾನು ಹೊರಡುವಾಗ ಹುಡುಗಿ ಗೇಟಿನವರೆಗೆ ಬಂದಳು. "ಆ ಟ್ರೈನಿ ಸಿಸ್ಟರ್ ಈಗ ಎಲ್ಲಿದ್ದಾರೆ?" ಎಂದು ಕೇಳಿದಳು. ಅವಳು ಈಗ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ವಾರ್ಡ್ ಇನ್‌ಚಾರ್ಜ್. ಕೆಲವು ವರ್ಷಗಳ ಹಿಂದೆ ಅವಳ ನಂಬರ್ ಹುಡುಕಿ ಫೋನ್ ಮಾಡಿ ಕ್ಷಮೆ ಕೇಳಿದ್ದೆ. ಅವಳು ನಗುತ್ತಾ, "ಮೇಡಂ, ನಾನು ಈಗಲೂ ಎಲ್ಲ ಬಾಟ್ಲಿ ತಿರುಗಿಸಿ ನೋಡ್ತೇನೆ" ಎಂದಳು.

ಮನೆಯಲ್ಲಿ ಇನ್ಸುಲಿನ್ ಇರುವವರು ಇವತ್ತೇ ಬಾಟ್ಲಿ ತಿರುಗಿಸಿ ನೋಡಿ, ಸಿರಿಂಜಿನ ಮುಚ್ಚಳದ ಬಣ್ಣವನ್ನೂ ನೋಡಿ. ಮನೆಯಲ್ಲಿ ನರ್ಸ್ ಮಗಳು ಇರುವವರು, ಅವಳು ಕಳೆದ ವಾರ ಎಷ್ಟು ಗಂಟೆ ಮಲಗಿದಳು ಎಂದು ಒಮ್ಮೆ ಕೇಳಿ ನೋಡಿ.